ನಿಗಾ ಕೋಣೆಯಲ್ಲಿ ಭಾವನ ಕ್ಷೌರ

ನನ್ನ ಅಕ್ಕನ ಗಂಡ ಕ್ಷೌರಿಕರು. ತಲೆಗೂದಲು ಕತ್ತರಿಸುವುದಕ್ಕಿಂತ ತಲೆ ತಿನ್ನುವುದರಲ್ಲೇ ಪಳಗಿದವರು. ಜೈಲಿನಲ್ಲಿ ವಾರ್ಡರ್ ಆಗಿರುವ ನಾನೇ ಅವರಿಗೆ ಅಲ್ಲಿ ಕೆಲಸ ಕೊಡಿಸಿದೆ. ಅಂದಿನಿಂದ ಮನೆಯಲ್ಲೂ ಭಾವ, ಜೈಲಿನಲ್ಲೂ ಭಾವ. ನನಗೆ ಬಿಡುಗಡೆಯೇ ಇಲ್ಲ. ಅವರಿಗೋ ಹಾಲು ಕುಡಿದಷ್ಟು ಸಂತೋಷ. ಮಾತು ಎಷ್ಟೇ ಉದ್ದವಾದರೂ ಎದ್ದು ಮನೆಗೆ ಹೋಗಲಾಗದ ಗಿರಾಕಿಗಳು ಇನ್ನೆಲ್ಲಿ ಸಿಗುತ್ತಾರೆ!

ನಮ್ಮಲ್ಲಿ ಹೊಸದಾಗಿ ಒಳಗೆ ಬಂದವರನ್ನೆಲ್ಲ ಮೊದಲು ನರ್ಸ್ ಕೂರಿಸಿ ಮಾತಾಡಿಸುತ್ತಾರೆ. ನಿದ್ದೆ ಹೇಗೆ, ಊಟ ಹೇಗೆ, ಬದುಕು ಬೇಡವೆನಿಸಿದೆಯೇ ಎಂದೆಲ್ಲ ಕೇಳುತ್ತಾರೆ. ಅನುಮಾನ ಬಂದರೆ ಆಸ್ಪತ್ರೆ ವಾರ್ಡಿನ ಪಕ್ಕದ ನಿಗಾ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಯಾರನ್ನೂ ಒಂಟಿಯಾಗಿ ಬಿಡುವಂತಿಲ್ಲ. ತರಬೇತಿ ಪಡೆದ ಇಬ್ಬರು ಕೈದಿಗಳು ಜೊತೆಗಿರುತ್ತಾರೆ. ಮಾತ್ರೆಯನ್ನು ನರ್ಸ್ ಎದುರೇ ನುಂಗಬೇಕು. ಮನೋವೈದ್ಯೆ ಗುರುವಾರ ದೊಡ್ಡಾಸ್ಪತ್ರೆಯಿಂದ ಬರುತ್ತಾರೆ. ಆ ಕೋಣೆಯೊಳಗೆ ಬೆಲ್ಟಿಲ್ಲ, ಲಾಡಿಯಿಲ್ಲ, ರೇಜರಂತೂ ಇಲ್ಲವೇ ಇಲ್ಲ. ಹಾಗಾಗಿ ಯಾರ ಗಡ್ಡ ಬೆಳೆದಿದೆಯೋ ಅವರ ಮನಸ್ಸು ಸರಿಯಿಲ್ಲವೆಂದು ಇಡೀ ಜೈಲಿಗೆ ಗೊತ್ತಾಗುತ್ತಿತ್ತು. ಭಾವನಿಗೆ ಇದನ್ನು ಕಂಡರಾಗದು. "ಹುಷಾರಿಲ್ಲದೋನಿಗೆ ಹಣೆಪಟ್ಟಿ ಬೇರೆ ಕಟ್ತೀರಲ್ಲೋ" ಎಂದು ನನ್ನ ಮೇಲೆ ರೇಗುತ್ತಿದ್ದರು, ನಿಯಮ ಮಾಡಿದವನು ನಾನೇ ಎಂಬಂತೆ.

ಒಮ್ಮೆ ಆ ಕೋಣೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದ. ಅವನ ಲಾರಿಗೆ ಸಿಕ್ಕಿ ಒಬ್ಬರು ಸತ್ತಿದ್ದರು. ಬಂದಾಗ ಅನ್ನವನ್ನೇ ಮುಟ್ಟುತ್ತಿರಲಿಲ್ಲ. ಮಾತ್ರೆ ಶುರುವಾದ ಮೇಲೆ ನಾಲ್ಕು ಮಾತಾಡುತ್ತಿದ್ದ, ಊಟ ಮಾತ್ರ ಅರೆಬರೆ. ಶನಿವಾರ ಹೆಂಡತಿ ಪುಟ್ಟ ಮಗಳನ್ನು ಕರೆತರುವವಳಿದ್ದಳು. "ಈ ಮುಖ ಹೊತ್ಕೊಂಡು ಹೋಗಲ್ಲ. ಮಗು ಹೆದರ್ಕೊಳ್ಳುತ್ತೆ" ಎಂದು ಹಟ ಹಿಡಿದ. ಮಗಳನ್ನೂ ಬೇಡವೆಂದವನು ಮತ್ತೆ ಪೂರ್ತಿ ಅನ್ನ ಬಿಟ್ಟಾನೆಂದು ನರ್ಸಿಗೆ ಭಯ.

ಗುರುವಾರ ಭಾವ ಡಾಕ್ಟರಮ್ಮನಿಗೆ ಅಡ್ಡ ನಿಂತರು. "ಮೇಡಂ, ರೇಜರ್ ಇರೋದು ನನ್ನ ಕೈಲಿ, ಅವನ ಕೈಲಲ್ಲ."

ಡಾಕ್ಟರಮ್ಮ ನೇರವಾಗಿ ಡ್ರೈವರ್ ಹತ್ತಿರ ಹೋಗಿ, "ಸಾಯ್ಬೇಕು ಅಂತ ಈಗ್ಲೂ ಅನ್ಸುತ್ತಾ?" ಎಂದು ಕೇಳಿಯೇ ಬಿಟ್ಟರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತಲ್ಲ ಎಂದುಕೊಂಡೆ. ಡ್ರೈವರ್ ಮಾತ್ರ ಯೋಚಿಸಿ, ಸಮಾಧಾನವಾಗಿ ಉತ್ತರ ಕೊಟ್ಟ: "ರಾತ್ರಿ ಅನ್ಸುತ್ತೆ. ಬೆಳಿಗ್ಗೆ ಅಷ್ಟಿಲ್ಲ."

ಅವರು ಅವನ ಜೊತೆ ತುಂಬ ಹೊತ್ತು ಕೂತು ಮಾತಾಡಿದರು. ಎದ್ದು ಬಂದು, "ಕ್ಷೌರ ಬೆಳಿಗ್ಗೆನೇ ಆಗ್ಲಿ" ಎಂದರು.

ಶನಿವಾರ ಬೆಳಿಗ್ಗೆ ವರಾಂಡದಲ್ಲಿ ಕುರ್ಚಿ ಹಾಕಿದೆವು. ಭಾವ ನೊರೆ ಹಚ್ಚಿದರು. ರೇಜರ್ ಹೊರಬಂದದ್ದೇ ತಡ, ನಾನು ಡ್ರೈವರನ ಎರಡೂ ಕೈಗಳನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದೆ.

"ಕೈ ಬಿಡೋ ಬಾಮೈದ! ನೀನು ಹಿಡ್ಕೊಂಡ್ರೆ ಅವನು ಕತ್ತು ಬಿಗಿ ಮಾಡ್ತಾನೆ. ಗಾಯ ಆಗೋದೇ ಹಾಗೆ."

"ಭಾವ, ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸ ಹೋಗುತ್ತೆ."

"ಹೋದ್ರೆ ನನ್ನ ಕ್ಷೌರದಂಗಡಿಗೆ ಬಾ, ಕೂದಲು ಗುಡಿಸೋಕೆ ಜನ ಬೇಕು."

ಬಿಟ್ಟೆ. ಆದರೆ ರೆಪ್ಪೆ ಮಿಟುಕಿಸಲಿಲ್ಲ. ಅಂಥ ಮಾತಿನ ಮಲ್ಲ ಭಾವ ಆಮೇಲೆ ಬಾಯಿಗೆ ಬೀಗ ಹಾಕಿಕೊಂಡರು. ಕೆನ್ನೆ, ಕತ್ತು ಮುಗಿಸಿ ರೇಜರ್ ಮೇಲ್ದುಟಿಗೆ ಬಂದಾಗ ಡ್ರೈವರ್ ತಟ್ಟನೆ ಭಾವನ ಮಣಿಕಟ್ಟು ಹಿಡಿದ. ನಾನು ಮುಂದಕ್ಕೆ ನುಗ್ಗಿದೆ.

"ಅಣ್ಣಾ, ಮೀಸೆ ತೆಗೀಬೇಡಿ. ಮಗಳು ಗುರುತು ಹಿಡಿಯಲ್ಲ."

ಭಾವ ಕತ್ತರಿಯಿಂದ ಮೀಸೆ ಒಪ್ಪ ಮಾಡಿದರು. ಅವನು ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು, "ಎಡಗಡೆ ಒಂಚೂರು ಜಾಸ್ತಿ ಆಯ್ತು" ಎಂದ. ಸರಿಮಾಡಿದರೆ, "ಈಗ ಬಲಗಡೆ ಜಾಸ್ತಿ" ಎಂದ. ಬೇರೆ ಗಿರಾಕಿಯಾಗಿದ್ದರೆ ಭಾವ ಜಗಳಕ್ಕೇ ನಿಲ್ಲುತ್ತಿದ್ದರು. ಅಂದು ಕಣ್ಣೊರೆಸಿಕೊಂಡು, "ಹೇಳಪ್ಪಾ ಹೇಳು, ಸಂಜೆವರೆಗೂ ಸರಿ ಮಾಡ್ತೀನಿ" ಎಂದರು. ನನಗೂ ಸಂತೋಷಕ್ಕೆ ಅಳು ಬಂತು.

ಡಾಕ್ಟರಮ್ಮನ ಒಪ್ಪಿಗೆಯಿದ್ದವರಿಗೆ ನಿಗಾ ಕೋಣೆಯಲ್ಲೂ ಬೆಳಗಿನ ಕ್ಷೌರ ಶುರುವಾದದ್ದು ಆಮೇಲೆಯೇ. ಭಾವನಿಗೆ ಅರವತ್ತು ದಾಟಿದೆ. ಅಕ್ಕ ಸಾಕೆಂದರೂ ಆ ಒಂದು ಕೆಲಸ ಬಿಟ್ಟುಕೊಡುತ್ತಿಲ್ಲ. ಆ ಶನಿವಾರ ಭೇಟಿ ಕೋಣೆಯಲ್ಲಿ ಏನಾಯಿತೆಂದು ಇಂದಿಗೂ ನನ್ನಿಂದ ಹೇಳಿಸಿಕೊಳ್ಳುತ್ತಾರೆ. ಮಗಳು ಜಾಲರಿಗೆ ಮೂಗು ಒತ್ತಿ ಅಪ್ಪನನ್ನು ನೋಡಿ, "ಯಾಕಪ್ಪಾ ಇಷ್ಟು ಸಣ್ಣ ಆಗಿದೀಯ? ಇಲ್ಲಿ ಊಟ ಹಾಕಲ್ವಾ?" ಎಂದಳು.

"ಹಾಕ್ತಾರೆ ಪುಟ್ಟಿ. ನಾನೇ ತಿಂತಿರ್ಲಿಲ್ಲ" ಎಂದ ಅವನು. "ಇನ್ಮೇಲೆ ತಿಂತೀನಿ."