ಎರಡು ಭಾಷೆಯ ಜಪಸರ

ಮೊದಲು ನಮ್ಮ ಇಗರ್ಜಿಯಲ್ಲಿ ಭಾನುವಾರ ಎರಡು ಪೂಜೆ ಇರುತ್ತಿತ್ತು, ಒಂದು ಕೊಂಕಣಿಯಲ್ಲಿ, ಇನ್ನೊಂದು ಕನ್ನಡದಲ್ಲಿ. ಶಿರಸಿಯ ಜೊತೆಗೆ ಸಿದ್ದಾಪುರದ ಕಡೆಯೂ ಒಬ್ಬರೇ ಫಾದರ್ ಹೋಗಿಬರಬೇಕಾದಾಗ ಎರಡೂ ಸೇರಿ ಕನ್ನಡದ್ದೊಂದೇ ಉಳಿಯಿತು. ಸಮಿತಿಯ ಸಭೆಯಲ್ಲಿ ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹಾನಗಲ್ ಕಡೆಯಿಂದ ಬಂದು ನೆಲೆಸಿದವರಿಗೆ ಕೊಂಕಣಿ ಬಾರದು, ನಮಗೆ ಕನ್ನಡ ಬರುತ್ತದೆ. ಮತ್ತೇನು ಮಾಡುವುದಿತ್ತು?

ನಮ್ಮ ಅತ್ತೆ ಹೊನ್ನಾವರದಿಂದ ಘಟ್ಟ ಹತ್ತಿ ಮದುವೆಯಾಗಿ ಬಂದವರು. ಸಂತೆಯಲ್ಲಿ ತರಕಾರಿಯವಳ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಪ್ರಾರ್ಥನೆ ಮಾತ್ರ ಕೊಂಕಣಿಯಲ್ಲೇ ಆಗಬೇಕು.

"ಕೈ ಎತ್ತಿದವಳು ನೀನು, ನೀನೇ ಹೋಗು" ಅಂದರು.

"ಇಗರ್ಜಿಗೇ ಬರೂದಿಲ್ಲ ಅಂದ್ರೆ ಹೆಂಗೆ ಮಾಂಯ್?"

"ದೇವರಿಗೆ ನನ್ನ ಮನೆ ಗೊತ್ತುಂಟು."

ಆಮೇಲೆ ಪ್ರತಿ ಭಾನುವಾರ ಅದೇ ಪಾಡು. ಅವರ ಸ್ನಾನಕ್ಕೆ ನೀರು ಕಾಯಿಸುವುದು, ತಲೆ ಬಾಚುವುದು, ಇವತ್ತಾದರೂ ಹೊರಟಾರೆಂದು ಸೀರೆ ತೆಗೆದಿಡುವುದು, ಕೊನೆಗೆ ಒಬ್ಬಳೇ ಹೋಗುವುದು. ತಿರುಗಿ ಬಂದರೆ ಯಾರ್ಯಾರು ಬಂದಿದ್ದರು, ಯಾರ ಸೊಸೆ ಬಸುರಿ ಎಂಬ ವಿಚಾರಣೆ. ಪ್ರಸಾದ ಮನೆಗೇ ತಂದುಕೊಡುತ್ತೇನೆಂದು ಫಾದರ್ ಹೇಳಿದ್ದಕ್ಕೆ, "ನಾನೇನು ಕಾಯಿಲೆ ಬಿದ್ದಿದ್ದೇನಾ?" ಎಂದು ಅವರನ್ನೂ ಸಾಗಹಾಕಿದರು. ನನಗೆ ಇದ್ದ ದಿಗಿಲು ಒಂದೇ. ಕಾಲು ಗಟ್ಟಿಯಿರುವಾಗಲೇ ಇಗರ್ಜಿ ಬಿಟ್ಟವರು ಕಾಲು ಸೋತ ಮೇಲೆ ಬರುವುದು ಎಲ್ಲಿಂದ? ಹೇಳಿ ಹೇಳಿ ಬಾಯಿ ಸೋತಿತ್ತು. ಮನಸ್ಸೂ.

ಅಕ್ಟೋಬರ್ ಬಂತು. ಆ ತಿಂಗಳು ಮಾತೆ ಮರಿಯಮ್ಮನ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಬಂದ ಮನೆಯ ಹಿರಿಯರು ಜಪದ ಮೊದಲರ್ಧ ಹೇಳಬೇಕು, ಸೇರಿದವರು ಉಳಿದರ್ಧ ಹೇಳಬೇಕು. ನಮ್ಮಲ್ಲಿಗೆ ಪ್ರತಿಮೆ ತಂದವಳು ಹಾನಗಲ್ ಕಡೆಯ ಟೇಲರ್ ಹೆಂಗಸು, ಹಿಂದೆ ಅವಳ ಓಣಿಯವರು. ನಾನು ಒಲೆಯ ಮೇಲೆ ಕಡಲೆ ಬೇಯಲು ಇಟ್ಟು ಬಂದು ಮೂಲೆಯಲ್ಲಿ ಮಂಡಿಯೂರಿದೆ. ಇವತ್ತು ಏನಾಗುತ್ತದೋ ಎಂದು ನೋಡುವ ಶಕ್ತಿಯೂ ಇರಲಿಲ್ಲ.

"ಅಜ್ಜಿ, ಸುರು ಮಾಡ್ರಿ" ಅಂದಳು ಅವಳು.

"ನನಗೆ ನಿಮ್ಮ ಕನ್ನಡ ಜಪ ಬರೂದಿಲ್ಲ."

"ಬರೂದನ್ನ ಹೇಳ್ರಿ. ಉಳಿದದ್ದು ನಾವು ನಮ್ಮದರಾಗ ಮುಗಿಸ್ತೀವಿ."

ಅತ್ತೆ ನನ್ನ ಮುಖ ನೋಡಿದರು. ಅವರು ಕೊಂಕಣಿಯಲ್ಲಿ ಶುರು ಮಾಡಿದರು, ಅವರು ನಿಲ್ಲಿಸಿದಲ್ಲಿಂದ ಇವರು ಕನ್ನಡದಲ್ಲಿ ಎತ್ತಿಕೊಂಡರು. ಮೊದಮೊದಲು ಇವರದು ಮುಗಿಯುವ ಮೊದಲೇ ಅತ್ತೆ ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಆಮೇಲೆ ಕಿವಿಗೊಟ್ಟು ಕಾಯತೊಡಗಿದರು. ಕಾಯುವ ಗಡಿಬಿಡಿಯಲ್ಲಿ ಮಣಿ ಸರಿಸುವುದೇ ಮರೆತುಹೋಯಿತು. ಹತ್ತು ಮಣಿಗೆ ಮುಗಿಯಬೇಕಾದ ಸುತ್ತು ಹತ್ತು ದಾಟಿ ಎಲ್ಲಿಗೋ ಹೋಯಿತು. ಯಾರೂ ತಡೆಯಲಿಲ್ಲ. ನನ್ನ ಮಂಡಿ ಉರಿಯುತ್ತಿತ್ತು, ಅಡುಗೆಮನೆಯಿಂದ ಕಡಲೆ ತಳ ಹಿಡಿದ ವಾಸನೆ ಬರುತ್ತಿತ್ತು.

"ಅಜ್ಜಿ, ಇವತ್ತ ಮರಿಯಮ್ಮಗ ಹೊಟ್ಟಿ ತುಂಬಿ ಮಿಕ್ಕೇತ್ರಿ" ಎಂದು ಟೇಲರ್ ಹೆಂಗಸು ನಕ್ಕಳು.

"ನಿಮ್ಮದು ಉದ್ದ ಮಾರಾಯ್ತಿ, ಅದಕ್ಕೇ ಮಣಿ ತಪ್ಪಿತು" ಎಂದು ಅತ್ತೆ ದಬಾಯಿಸಿದರು. ಆದರೆ ತಳ ಹಿಡಿಯದ ಕಡಲೆಯನ್ನು ಮೇಲಿಂದ ಆರಿಸಿ ಅವಳಿಗೇ ಮೊದಲು ಕೊಡಿಸಿದರು.

ಆ ಭಾನುವಾರ ನಾನು ಸೀರೆ ತೆಗೆದಿಟ್ಟಿರಲಿಲ್ಲ. ಸಾಕಾಗಿತ್ತು. ನೋಡಿದರೆ ತಾವೇ ಉಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಾರೆ. ಇಬ್ಬರೂ ಹೊರಟೆವು.

ಪೂಜೆಯಲ್ಲಿ ಎಲ್ಲರೂ ಕನ್ನಡದಲ್ಲಿ ವಿಶ್ವಾಸ ಸಂಗ್ರಹದ ಪ್ರಾರ್ಥನೆ ಹೇಳುವಾಗ ಅವರು ಗಟ್ಟಿಯಾಗಿ ಕೊಂಕಣಿಯಲ್ಲಿ ಹೇಳಿದರು. ಎಲ್ಲರದೂ ಮುಗಿದ ಮೇಲೂ ಅವರದೊಂದೇ ದನಿ ಉಳಿಯಿತು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಮೊಣಕೈ ಮುಟ್ಟಿ ಸುಮ್ಮನಾಗಿಸಲು ನನ್ನ ಕೈ ಎದ್ದಿತ್ತು. ಇಷ್ಟು ದಿನ ಅವರು ಬದಲಾಗಲಿ ಎಂದು ಬೇಡಿದವಳು ನಾನು, ಅವರು ಬಂದಿದ್ದು ಹೀಗೆ. ಕೈ ಹಿಂದೆಗೆದುಕೊಂಡೆ. ಫಾದರ್ ಕೂಡ ಅವರದು ಮುಗಿಯುವವರೆಗೆ ಕಾದರು. ಪ್ರಸಾದದ ಸಾಲಿನಲ್ಲಿ ಅತ್ತೆ ನನಗಿಂತ ಮುಂದೆ ನಡೆದರು.

ಮನೆಗೆ ಬರುವಾಗ ದಾರಿಯಲ್ಲಿ ಅಂದರು, "ಬರುವ ವಾರ ನನ್ನ ಪಕ್ಕದಲ್ಲಿ ಕೂರಬೇಡ. ನಿನ್ನ ಕನ್ನಡ ಕಿವಿಗೆ ಬಿದ್ದು ನನ್ನದು ತಪ್ಪುತ್ತದೆ."

ಈಗ ನಾನು ಒಂದು ಬೆಂಚು ಹಿಂದೆ ಕೂರುತ್ತೇನೆ.