ಫಿಲ್ಮಿನಲ್ಲಿ ಬಾರದ ಬೇರು

ಹೋದ ವಾರ ಹುಬ್ಬಳ್ಳಿಯ ದಂತವೈದ್ಯರೊಬ್ಬರ ಕೋಣೆಯಲ್ಲಿ ನನ್ನ ಬುದ್ಧಿಹಲ್ಲಿನ ಎಕ್ಸ್-ರೇ ತೆಗೆಸಿಕೊಂಡು ಕೂತಿದ್ದೆ. ಆಗಷ್ಟೇ ತೊಳೆದು ತೂಗುಹಾಕಿದ್ದ ಒದ್ದೆ ಫಿಲ್ಮಿನಿಂದ ಹುಳಿ ಹುಳಿಯಾದ ಔಷಧದ ವಾಸನೆ ಬರುತ್ತಿತ್ತು. ಅದನ್ನು ಇದಕ್ಕೆ ಮೊದಲು ಒಮ್ಮೆ ಮಾತ್ರ, ಕಾಲೇಜು ಸೇರಿದ ಹೊಸತರಲ್ಲಿ, ಇಂಥದೇ ಇನ್ನೊಂದು ಕೋಣೆಯಲ್ಲಿ ಮೂಸಿದ್ದೆ. ಆಗ ಕುರ್ಚಿಯಲ್ಲಿ ಕೂತಿದ್ದವರು ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದ ಮಾಸ್ತರ್ ಕಾಕಾ...

ಅವರು ಮಿಷನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಚರ್ಚಿನಲ್ಲಿ ಕಾರ್ನೆಟ್ ಎಂಬ ಸಣ್ಣ ಹಿತ್ತಾಳೆ ತುತ್ತೂರಿ ಊದುತ್ತಿದ್ದರು. ನಮ್ಮದು ಚರ್ಚಿಗೆ ಹೋಗುವ ಮನೆಯಲ್ಲ, ನಾನಂತೂ ಯಾವ ದೇವರಿಗೂ ಕೈಮುಗಿಯದವ. ಕಾಲೇಜಿನ ಚರ್ಚಾಕೂಟದಲ್ಲಿ ಕಲಿತದ್ದನ್ನೆಲ್ಲ ಸಂಜೆ ಅವರ ಕಟ್ಟೆಯ ಮೇಲೆ ಪ್ರಯೋಗಿಸುತ್ತಿದ್ದೆ. ದೇವರಿಗೆ ಪುರಾವೆ ಕೊಡಿ ಎಂದು ಪಟ್ಟು ಹಿಡಿದರೆ ಅವರು ನಕ್ಕು, ಚಹಾ ತರಿಸುತ್ತಿದ್ದರು.

ಕ್ರಿಸ್ಮಸ್ಸಿಗೆ ಮುಂಚಿನ ವಾರ ಚರ್ಚಿನ ಹಾಡುಗಾರರು ನಮ್ಮ ಓಣಿಯ ಪ್ರತಿ ಮನೆಗೂ ಬರುತ್ತಿದ್ದರು. ಯಾವ ಜಾತಿ, ಯಾವ ಮತ ಎಂದು ನೋಡುತ್ತಿರಲಿಲ್ಲ. ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಹಾಡು ನಿಲ್ಲುತ್ತಿತ್ತು. ಅವ್ವನಿಗೆ ಇಷ್ಟವೆಂದು ಕಾಕಾ ಒಬ್ಬರೇ ಒಂದು ಧಾಟಿ ಊದುತ್ತಿದ್ದರು. ಅದು ಮುಗಿಯುವವರೆಗೆ ಅವ್ವ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಎಲ್ಲದಕ್ಕೂ ಬಾಯಿ ಹಾಕುವ ನಾನೂ ಅವಳ ಪಕ್ಕ ನಿಂತು ಕೇಳುತ್ತಿದ್ದೆ.

ಆ ವರ್ಷ ಡಿಸೆಂಬರಿನ ಆರಂಭದಲ್ಲೇ ಅವರ ದವಡೆ ಊದಿತು. ಕೆಳಗಿನ ಬುದ್ಧಿಹಲ್ಲು ಅಡ್ಡ ಬೆಳೆದಿತ್ತು. ಜೊತೆಗೆ ನಾನೂ ಹುಬ್ಬಳ್ಳಿಗೆ ಹೋಗಿದ್ದೆ. ಬಾಯೊಳಗೆ ಇಡುವ ಆ ಸಣ್ಣ ಫಿಲ್ಮನ್ನು ರೋಗಿಯೇ ತನ್ನ ಬೆರಳಿನಿಂದ ಒತ್ತಿ ಹಿಡಿಯಬೇಕಿತ್ತು. ಕಾಕಾನ ಬಾಯಿ ಸರಿಯಾಗಿ ತೆರೆಯುತ್ತಲೇ ಇರಲಿಲ್ಲ. ಓಕರಿಕೆ ಬಂದು ಫಿಲ್ಮು ಮೇಲಕ್ಕೆ ಜಾರಿತು. ಚಿತ್ರದಲ್ಲಿ ಹಲ್ಲಿನ ತಲೆ ಬಂತು, ಅರ್ಧ ಬೇರು ಬಂತು... ಅಲ್ಲಿಗೆ ಅಂಚು ಮುಗಿದಿತ್ತು.

ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಬೇರಿನ ತುದಿ ಇದರಾಗ ಬಂದಿಲ್ರಿ ಮಾಸ್ತರ. ಅದರ ಕೆಳಗ ತುಟಿಗೆ ಹೋಗೂ ನರ ಅದ. ಎಷ್ಟ ಹತ್ರ ಅದ ಅಂತ ನೋಡದ ಕಿತ್ತರ, ತುಟಿ ಜೋಮ ಹಿಡದು ಹಂಗ ಉಳೀಬಹುದು.” ಇದ್ದ ಫಿಲ್ಮು ಅದೊಂದೇ. ಪುಣೆಯಿಂದ ಹೊಸದು ಬರುವುದು ಹಬ್ಬ ಕಳೆದ ಮೇಲೆ. ಅಲ್ಲಿಯವರೆಗೆ ತಡೆಯುವುದೇ ಒಳ್ಳೆಯದು ಎಂದು ಔಷಧ ಕೊಟ್ಟು ಕಳಿಸಿದರು.

ಬಾವು ಇಳಿಯಿತು, ನೋವು ಇಳಿಯಲಿಲ್ಲ. ಕಾರ್ನೆಟ್ ತುಟಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗಲೇ ಕೀಳಿಸಿದರೆ ಹಬ್ಬದ ಹೊತ್ತಿಗೆ ಗಾಯ ಮಾಯುತ್ತದೆಂದು ಅವರು ಲೆಕ್ಕ ಹಾಕಿದರು. ಅವರನ್ನು ತಡೆಯಲು ನಾನು ಕಟ್ಟೆಯ ಮೇಲೆ ವಾದಕ್ಕೆ ಕೂತೆ.

“ಕಾಕಾ, ಫಿಲ್ಮಿನ್ಯಾಗ ಕಾಣಲಿಲ್ಲ ಅಂದ್ರ ಅಲ್ಲಿ ನರ ಇಲ್ಲ ಅಂತ ಅಲ್ರಿ. ನಮಗ ಗೊತ್ತಿಲ್ಲ ಅಂತ, ಅಷ್ಟ.”

ಅವರು ಕೆನ್ನೆ ಹಿಡಿದುಕೊಂಡೇ ನಕ್ಕರು. “ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ ಅಂತಿ. ಮತ್ತ ದೇವರ ಮಾತ ಬಂದಾಗ ಯಾಕ ಬ್ಯಾರೆ ಹೇಳತಿಯಪಾ?”

ಉತ್ತರ ಇತ್ತು. ಒಂದಲ್ಲ, ನಾಲ್ಕಿದ್ದವು. ಆದರೆ ಆ ಸಂಜೆ ಮಾತು ಹಲ್ಲು ಬಿಟ್ಟು ದೇವರ ಕಡೆ ಹೊರಳಿತು, ನಗುವಿನಲ್ಲೇ ಮುಗಿಯಿತು. ಎದ್ದಾಗ ಅವರು ತಮ್ಮ ಹಟದಲ್ಲೇ ಇದ್ದರು.

ಡಾಕ್ಟರು ಮತ್ತೊಮ್ಮೆ ಎಚ್ಚರಿಸಿ, ಇವರು ಒತ್ತಾಯಿಸಿದ ಮೇಲೆ ಕಿತ್ತರು. ಗಾಯ ಮಾಯಿತು. ಕೆಳತುಟಿಯ ಎಡ ಅರ್ಧಕ್ಕೆ ಮಾತ್ರ ಸ್ಪರ್ಶ ಮರಳಲಿಲ್ಲ. ಚಹಾ ಕುಡಿದರೆ ಗದ್ದಕ್ಕೆ ಇಳಿದದ್ದು ತಿಳಿಯುತ್ತಿರಲಿಲ್ಲ. ಕಾರ್ನೆಟ್ ಊದಿದರೆ ಗಾಳಿ ಪಕ್ಕದಿಂದ ಸೋರಿ, ಸ್ವರ ಒಡೆಯುತ್ತಿತ್ತು. ಕೆಲವು ತಿಂಗಳು ಕಾಯಿರಿ ಎಂದು ಡಾಕ್ಟರು ಹೇಳಿದ್ದರು. ಕಾದರು... ತಿಂಗಳು ವರ್ಷವಾಯಿತು. “ತುಟಿ ಅದ ಅಂತ ಕನ್ನಡ್ಯಾಗ ನೋಡಿ ನಂಬಬೇಕು ನೋಡು,” ಎಂದರು ಒಮ್ಮೆ. ಆಗ ನಗಲಿಲ್ಲ.

ಹಲ್ಲು ಕಿತ್ತ ವರ್ಷದ ಕ್ರಿಸ್ಮಸ್ಸಿನಲ್ಲೂ ಹಾಡುಗಾರರು ಬಂದರು. ಕಾಕಾ ಎಲ್ಲರ ಹಿಂದೆ, ಬರಿಗೈಲಿ ನಿಂತಿದ್ದರು. ಅವ್ವ ಎಂದಿನಂತೆ ಸೆರಗು ಹೊದ್ದು ಹೊಸ್ತಿಲಿಗೆ ಬಂದಳು. ಹಾಡು ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದಿನ ಮನೆಗೆ ಹೋಯಿತು.

ತಪ್ಪು ಯಾರದೆಂದು ಎರಡೂ ಪಕ್ಷ ಹಿಡಿದು ಎಷ್ಟೋ ಸಲ ವಾದಿಸಿ ನೋಡಿದ್ದೇನೆ. ಡಾಕ್ಟರು ಎಚ್ಚರಿಸಿದ್ದರು. ಕಾಕಾನಿಗೆ ತಾನು ಏನನ್ನು ಪಣಕ್ಕಿಟ್ಟೆನೆಂಬುದು ಗೊತ್ತಿತ್ತು. ಆದರೆ ಆ ಸಂಜೆ ಹಲ್ಲಿನ ಮಾತನ್ನು ಅರ್ಧಕ್ಕೆ ಕೈಬಿಟ್ಟವ ನಾನು. ಯಾವ ಪಕ್ಷವೂ ಗೆಲ್ಲುವುದಿಲ್ಲ. ಹೋದ ವರ್ಷ ಕಾಕಾ ತೀರಿಕೊಂಡರು.

ನನ್ನ ಹಲ್ಲಿನ ಬೇರು ನರದಿಂದ ದೂರವಿದೆಯಂತೆ, ಭಯವಿಲ್ಲ. ಮನೆಗೆ ಬಂದು ಅವರ ವಿಷಯ ತೆಗೆದೆ. ಈಗ ಶಾಲೆಯ ಚರ್ಚಾಸ್ಪರ್ಧೆಗೆ ಹೋಗುವ ತಂಗಿ ಆಗ ಇನ್ನೂ ತೊಟ್ಟಿಲಲ್ಲಿದ್ದಳು. “ನೀ ಭಾಳ ದೊಡ್ಡದು ಮಾಡಿ ಹೇಳತಿ ಅಣ್ಣಾ,” ಎಂದಳು. “ಅಷ್ಟ ಛಲೋ ಊದತಿದ್ರು ಅನ್ನಾಕ ಪುರಾವೆ ಏನೈತಿ?”

ಆ ಧಾಟಿಯನ್ನು ಗುನುಗಿ ತೋರಿಸಬೇಕೆಂದು ಬಾಯಿ ತೆರೆದೆ. ಮೊದಲ ಸ್ವರವೇ ನೆನಪಿಗೆ ಬರಲಿಲ್ಲ.