ದೊಡ್ಡಪ್ಪನ ಸರದಿ

ಫೋನಿನ ಪರದೆಯ ಮೇಲೆ ಪುಟ್ಟ ಚಕ್ರವೊಂದು ಸುತ್ತುತ್ತಲೇ ಇದೆ. ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ನೋಡು ಎಂದು ದೊಡ್ಡಪ್ಪ ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದಾರೆ. ನನ್ನ ಅಂಗೈ ಬೆವರುತ್ತಿದೆ. ಇಷ್ಟಕ್ಕೆಲ್ಲ ಹೆದರುತ್ತಾರೆಯೇ ಎಂದು ನೀವು ನಗಬಹುದು. ಪೂರ್ತಿ ಕೇಳಿ, ಆಮೇಲೆ ನಗಿ.

ದೊಡ್ಡಪ್ಪ ಟಿ. ನರಸೀಪುರದ ಹತ್ತಿರದ ನಮ್ಮೂರಿನಲ್ಲಿ ನೀರುಗಂಟಿಯಾಗಿದ್ದವರು. ನಾಲೆಯ ನೀರನ್ನು ಸರದಿಯಂತೆ ಗದ್ದೆಗದ್ದೆಗೆ ತಿರುಗಿಸುವುದು ಅವರ ಕೆಲಸ. ಬದುವಿನ ಮೇಲೆ ಕೋಲು ನೆಟ್ಟು, ಪಕ್ಕದಲ್ಲೊಂದು ಗೀಟು ಎಳೆಯುತ್ತಿದ್ದರು. ನೆರಳು ಗೀಟು ಮುಟ್ಟಿತೋ, ಯಾರ ಗದ್ದೆಯಾದರೂ ಸರಿ, ಮಣ್ಣೆಳೆದು ನೀರಿನ ಬಾಯಿ ಮುಚ್ಚುತ್ತಿದ್ದರು. ಮೊದಲು ನಮ್ಮದನ್ನು ತುಂಬಿಸಿಕೊಳ್ಳಬಾರದೇ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

“ನಮ್ದೇ ಮೊದ್ಲು ಅಂತ ಕುಂತ್ರೆ, ಕೊನೆ ಗದ್ದೆಯೋನು ಕೂಗುದ್ರೂ ಕಿವಿಗೆ ಬೀಳಾಕಿಲ್ಲ ಕಣವ್ವ” ಅಂದರು.

ಎರಡು ಸಾವಿರದ ಇಸವಿಯ ಆಚೀಚೆ ನಂಜನಗೂಡಿನ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆ. ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಪ್ರೊಸೆಸರ್ ಒಂದೇ, ಹತ್ತು ಪ್ರೋಗ್ರಾಂ ಒಟ್ಟಿಗೆ ಓಡುವಂತೆ ಕಾಣುವುದು ಬರೀ ಭ್ರಮೆ ಎಂದು ಅಲ್ಲಿನ ಮೇಷ್ಟ್ರು ಹೇಳಿಕೊಟ್ಟರು. ರೆಪ್ಪೆ ಬಡಿಯುವುದರೊಳಗೆ ಒಂದನ್ನು ನಿಲ್ಲಿಸಿ, ಎಲ್ಲಿಗೆ ನಿಂತಿತೆಂದು ಗುರುತಿಟ್ಟುಕೊಂಡು, ಇನ್ನೊಂದಕ್ಕೆ ಸರದಿ ಕೊಡುತ್ತದಂತೆ. ಪೆಟ್ಟಿಗೆಯೊಳಗೆ ದೊಡ್ಡಪ್ಪನೇ ಕೂತಿದ್ದಾರೆ ಅನ್ನಿಸಿ ನನಗೆ ಜಂಬವೂ ಆಗಿತ್ತು.

ಆ ಜಂಬದಲ್ಲೇ ಕೆಟ್ಟೆ. ನಮ್ಮೂರಿನದೇ ಮತದಾರರ ಪಟ್ಟಿ ಟೈಪಿಗೆ ಬಂದಿತ್ತು, ನಾಲ್ಕು ಗಂಟೆಗೆ ಒಪ್ಪಿಸಬೇಕು. ಹೆಸರುಗಳನ್ನು ಮನೆ ನಂಬರಿನಂತೆ ಜೋಡಿಸುವ ಪ್ರೋಗ್ರಾಂ ಒಂದು ಕಡೆ ತೆವಳುತ್ತಿತ್ತು, ಇನ್ನೊಂದು ಕಡೆ ನಾನು ಕೊನೆಯ ಹಾಳೆಗಳನ್ನು ಕುಟ್ಟುತ್ತಿದ್ದೆ. ಬೇಗ ಮುಗಿಯಲಿ ಎಂದು, ಜೋಡಿಸುವ ಕೆಲಸಕ್ಕೇ ಎಲ್ಲಕ್ಕಿಂತ ಮೊದಲ ಸರದಿ ಎಂದು ಒತ್ತಿಬಿಟ್ಟೆ.

ಮೌಸಿನ ಬಾಣ ನಿಂತಿತು. ಯಾವ ಕೀಲಿ ಒತ್ತಿದರೂ ಅಕ್ಷರವಿಲ್ಲ. ತಪ್ಪಾಯಿತು, ವಾಪಸು ತಗೋ ಎನ್ನೋಣವೆಂದರೆ, ಅದನ್ನು ಕೇಳಿಸಿಕೊಳ್ಳಲೂ ಯಂತ್ರಕ್ಕೊಂದು ಸರದಿ ಬೇಕಲ್ಲ. ಅದನ್ನೂ ನಾನೇ ಜೋಡಿಸುವ ಕೆಲಸಕ್ಕೆ ಕೊಟ್ಟಾಗಿತ್ತು. ಪರದೆಯ ಗಡಿಯಾರ ಎರಡು ನಲವತ್ತರಲ್ಲೇ ಇತ್ತು, ಗೋಡೆಯದು ಮೂರು ದಾಟಿತು. ಮಾಲೀಕರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದ್ದೇ ತಡ, ಸ್ವಿಚ್ಚು ಆರಿಸಿದೆ.

ಸೇವ್ ಮಾಡದಿದ್ದ ನಲವತ್ತು ಹೆಸರು ಹೋದವು. ಮತ್ತೆ ಕುಟ್ಟಿದೆ. ಹಾಳೆಗೆ ಹಾಳೆ ಅಂಟಿತ್ತೋ, ನನ್ನ ಕಣ್ಣೇ ಜಾರಿತೋ ಗೊತ್ತಿಲ್ಲ, ಎಲ್ಲೋ ಬಿಟ್ಟುಹೋಯಿತು; ತಾಳೆ ನೋಡದೆ ಒಪ್ಪಿಸಿದೆ.

ಓಟಿನ ದಿನ ಊರಿಗೆ ಹೋಗಿದ್ದೆ. ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಹೊರಟವರು, ಬಿಸಿಲೇರಿದ ಮೇಲೆ ಬಂದು ಜಗಲಿಯಲ್ಲಿ ಕೂತರು. ಬೆರಳಿಗೆ ಶಾಯಿ ಇರಲಿಲ್ಲ.

“ನನ್ ಸರ್ದಿ ಬಂತು ಕಣವ್ವ. ಪಟ್ಟೀಲಿ ಎಸ್ರು ಇರ್ನಿಲ್ಲ.”

ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಊರಿಗೆಲ್ಲ ಸರದಿ ಹಂಚಿದವರ ಸರದಿಯನ್ನು ತಿಂದವಳು ನಾನು ಎಂದು ಹೇಳುವ ಧೈರ್ಯ ಅಂದು ಬರಲಿಲ್ಲ, ಇಷ್ಟು ವರ್ಷ ಬರಲಿಲ್ಲ. ಮುಂದಿನ ಪಟ್ಟಿಗೆ ಅವರೇ ಅರ್ಜಿ ಕೊಟ್ಟು ಹೆಸರು ಸೇರಿಸಿಕೊಂಡರು. ನನ್ನ ಭಯ ಮಾತ್ರ ಹಾಗೇ ಉಳಿಯಿತು. ಎಲ್ಲಿ ಚಕ್ರ ಸುತ್ತಿದರೂ ಎದೆ ಹೊಡೆದುಕೊಳ್ಳುತ್ತದೆ.

ಈಗ ಚಕ್ರ ನಿಂತಿದೆ. ಹೆಸರು ಇದೆ, ಮನೆ ನಂಬರೂ ಸರಿಯಾಗಿದೆ. ಬೆರಳಿಟ್ಟು ತೋರಿಸಿದೆ, ದೊಡ್ಡಪ್ಪ ತಲೆಯಾಡಿಸಿದರು. ಹಾಗೇ ಹೇಳಿಯೂಬಿಟ್ಟೆ, ಅವತ್ತು ನಿಮ್ಮ ಹೆಸರು ಬಿಟ್ಟಿದ್ದು ನಾನೇ ಎಂದು.

ಅವರಿಗೀಗ ಕಿವಿ ಮಂದ. ಅಂಗೈಯನ್ನು ಕಿವಿಗೆ ಒಡ್ಡಿ ನನ್ನತ್ತ ಬಾಗಿದರು.

“ಏನಂದ್ಯವ್ವ?”

ಒಳಗೆ ಮನೆಮಂದಿಯೆಲ್ಲ ಇದ್ದಾರೆ. ಇನ್ನೊಮ್ಮೆ ಹೇಳಬೇಕು, ಜೋರಾಗಿ.